ಪಿಸ್ಟನ್ನಿನ ಕೆಳಗಿನ ಕೋಣೆ

ಬದಿಯಡ್ಕದ ಸಮೀಪದ ನಮ್ಮ ಅಡಿಕೆ ತೋಟದಲ್ಲಿ ಕಾಡು ಸವರುವ ಯಂತ್ರವು ಈ ಸಲ ಮಳೆಗಾಲ ಮುಗಿಯುತ್ತಿದ್ದಂತೆ ತೊಂದರೆ ಕೊಡತೊಡಗಿತು. ಎಕ್ಸಿಲರೇಟರ್ ಬಿಟ್ಟರೂ ವೇಗ ತಾನಾಗಿ ಏರುತ್ತಿತ್ತು. ಅಲಗು ಹುಲ್ಲಿಗೆ ತಾಗಿದೊಡನೆ ಬಲ ಕುಂದುತ್ತಿತ್ತು. ಕಾರ್ಬ್ಯುರೇಟರನ್ನು ಎರಡು ಸಲ ಬಿಚ್ಚಿ ತೊಳೆದೆ, ಫಲವಾಗಲಿಲ್ಲ. ದೋಷವಿದ್ದದ್ದು ಫ್ಲೈವೀಲಿನ ಹಿಂದೆ, ಪಿಸ್ಟನ್ ತಿರುಗಿಸುವ ದಂಡವಾದ ಕ್ರ್ಯಾಂಕ್‌ಶಾಫ್ಟನ್ನು ಸುತ್ತುವರಿದು ಸೋರಿಕೆ ತಡೆಯುವ ಚಿಕ್ಕ ಆಯಿಲ್ ಸೀಲಿನಲ್ಲಿ.

ಈ ಯಂತ್ರದಲ್ಲಿರುವುದು ಟೂ ಸ್ಟ್ರೋಕ್ ಎಂಜಿನ್, ಅಂದರೆ ಪಿಸ್ಟನ್ ಒಮ್ಮೆ ಏರಿ ಇಳಿಯುವುದರಲ್ಲೇ ಒಂದು ಆವರ್ತ ಮುಗಿಸುವಂಥದ್ದು. ಇದರಲ್ಲಿ ಪಿಸ್ಟನ್ನಿನ ಮೇಲ್ಭಾಗದಷ್ಟೇ ಕೆಲಸವನ್ನು ಅದರ ಕೆಳಭಾಗವೂ ಮಾಡುತ್ತದೆ ಎಂಬುದನ್ನು ತಿಳಿಯದೆ ಈ ದೋಷ ಅರ್ಥವಾಗದು. ಪಿಸ್ಟನ್ ಮೇಲೇರುವಾಗ ಅದರ ಕೆಳಗಿನ ಮುಚ್ಚಿದ ಕೋಣೆಯಾದ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಇಳಿಯುತ್ತದೆ. ಆಗ ಹೊರಗಿನ ಗಾಳಿ ಕಾರ್ಬ್ಯುರೇಟರಿನ ಇಕ್ಕಟ್ಟಾದ ಕೊರಳಿನ ಮೂಲಕ ನುಗ್ಗಿ, ಪೆಟ್ರೋಲನ್ನೂ ಅದರಲ್ಲಿ ಬೆರೆಸಿದ ಎಣ್ಣೆಯನ್ನೂ ತನ್ನೊಂದಿಗೆ ಒಳಗೆ ಒಯ್ಯುತ್ತದೆ. ಅದೇ ವೇಳೆ ಮೇಲ್ಗಡೆ ಹಿಂದಿನ ಸುತ್ತಿನ ಮಿಶ್ರಣ ಅದುಮಲ್ಪಟ್ಟು, ಪ್ಲಗ್ಗಿನ ಕಿಡಿ ತಗುಲಿ ಉರಿಯುತ್ತದೆ. ಪಿಸ್ಟನ್ ಇಳಿಯುತ್ತ ಮೊದಲು ಸಿಲಿಂಡರಿನ ಗೋಡೆಯಲ್ಲಿ ಹೊಗೆ ಹೊರಹೋಗುವ ಕಿಂಡಿಯಾದ ಎಕ್ಸಾಸ್ಟ್ ಪೋರ್ಟನ್ನು ತೆರೆಯುತ್ತದೆ. ಹೊಗೆ ರಭಸದಿಂದ ಹೊರಟು ಸಿಲಿಂಡರಿನ ಒತ್ತಡ ಇಳಿದ ಮೇಲೆ ಕೆಳಗಿನ ಕೋಣೆಯಿಂದ ಬರುವ ಕಿಂಡಿಯಾದ ಟ್ರಾನ್ಸ್‌ಫರ್ ಪೋರ್ಟು ತೆರೆದು, ಕೆಳಗೆ ಅದುಮಿಕೊಂಡಿದ್ದ ಹೊಸ ಮಿಶ್ರಣ ಮೇಲೇರುತ್ತದೆ. ನಿಮಿಷಕ್ಕೆ 6000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಇದೆಲ್ಲ ಸೆಕೆಂಡಿಗೆ 100 ಸಲ ನಡೆಯುತ್ತದೆ.

ಸ್ಕಾಟ್ಲೆಂಡಿನ ಎಂಜಿನಿಯರ್ ಡುಗಾಲ್ಡ್ ಕ್ಲರ್ಕ್ ರೂಪಿಸಿದ ಮೊದಲ ಯಶಸ್ವಿ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಮಿಶ್ರಣವನ್ನು ತುಂಬಲು ಬೇರೆಯೇ ಸಿಲಿಂಡರ್ ಇತ್ತು. ಕ್ರ್ಯಾಂಕ್‌ಕೇಸನ್ನೇ ಪಂಪಾಗಿಸಿದ್ದು ಇಂಗ್ಲೆಂಡಿನ ಜೋಸೆಫ್ ಡೇ ಅವರ 1891ರ ಪೇಟೆಂಟು. ಪ್ರತ್ಯೇಕ ಪಂಪಿನ ಭಾರವೇ ಇಲ್ಲದೆ ಹೆಗಲಿಗೇರಿಸಿಕೊಳ್ಳುವಷ್ಟು ಹಗುರವಾದ ಯಂತ್ರ ನಮಗೆ ದೊರೆತದ್ದು ಈ ಉಪಾಯದಿಂದ. ನನ್ನ ದೃಷ್ಟಿಯಲ್ಲಿ ಎಂಜಿನ್ನುಗಳ ಚರಿತ್ರೆಯಲ್ಲೇ ಇಷ್ಟು ಸರಳವೂ ಸುಂದರವೂ ಆದ ಯೋಚನೆ ಇನ್ನೊಂದಿಲ್ಲ.

ಹೊಸ ಮಿಶ್ರಣ ಬರುವಾಗ ಎಕ್ಸಾಸ್ಟ್ ಪೋರ್ಟು ಇನ್ನೂ ತೆರೆದೇ ಇರುವುದರಿಂದ ಅದರ ಒಂದು ಪಾಲು ಉರಿಯದೆಯೇ ಹೊರಟುಹೋಗುತ್ತದೆ. ಹಿಂದೆ ಪಿಸ್ಟನ್ನಿನ ತಲೆಯಲ್ಲಿ ದಿಣ್ಣೆಯಿಟ್ಟು ಇದನ್ನು ತಡೆಯುತ್ತಿದ್ದರು. 1920ರ ದಶಕದಲ್ಲಿ ಜರ್ಮನಿಯ ಶ್ನ್ಯೂರ್ಲೆ ಎಂಬವರು ಟ್ರಾನ್ಸ್‌ಫರ್ ಪೋರ್ಟುಗಳನ್ನು ಎಕ್ಸಾಸ್ಟಿಗೆ ವಿಮುಖವಾಗಿ ಓರೆಗೊಳಿಸಿ, ಮಿಶ್ರಣವು ಎದುರು ಗೋಡೆಯನ್ನು ಹತ್ತಿ ಸುತ್ತಿ ಬರುವಂತೆ ಮಾಡಿದರು. ಆರ್‌ಎಕ್ಸ್ 100ರಂತಹ ಬೈಕುಗಳ ಸೈಲೆನ್ಸರಿನ ಉಬ್ಬಿದ ಆಕಾರವೂ ಅಲಂಕಾರಕ್ಕಲ್ಲ; ಅದರ ತುದಿಯಿಂದ ಮರಳುವ ಒತ್ತಡದ ಅಲೆ ಹೊರಟ ಮಿಶ್ರಣವನ್ನು ಹಿಂದಕ್ಕೆ ತಳ್ಳುತ್ತದೆ. ಸದ್ದಿಗಾಗಿ ಅದನ್ನು ಕತ್ತರಿಸುವ ಹುಡುಗರು ಎಂಜಿನ್ನಿನ ಬಲವನ್ನೇ ಕತ್ತರಿಸುತ್ತಿದ್ದಾರೆ.

ಇನ್ನು ನಮ್ಮ ಯಂತ್ರದ ವಿಚಾರ. ಸೀಲು ಸವೆದಿದ್ದುದರಿಂದ ಪಿಸ್ಟನ್ ಮೇಲೇರುವಾಗ ಕ್ರ್ಯಾಂಕ್‌ಕೇಸು ಕಾರ್ಬ್ಯುರೇಟರಿನಿಂದ ಮಾತ್ರವಲ್ಲದೆ ಆ ಸಂದಿನಿಂದಲೂ ಬರಿಯ ಗಾಳಿಯನ್ನು ಎಳೆದುಕೊಳ್ಳುತ್ತಿತ್ತು. ಮಿಶ್ರಣ ತೆಳುವಾಗಿ ಎಂಜಿನ್ ತಾನಾಗಿ ವೇಗವೇರಿ ಬಿಸಿಯಾಗುತ್ತಿತ್ತು; ಪಿಸ್ಟನ್ ಇಳಿಯುವಾಗ ಅದೇ ಸಂದಿನಿಂದ ಒತ್ತಡ ಸೋರಿ ಮೇಲಕ್ಕೆ ಹೋಗಬೇಕಾದ ಮಿಶ್ರಣವೂ ಕಡಿಮೆಯಾಗುತ್ತಿತ್ತು. ಈ ಎಂಜಿನ್ನಿಗೆ ಬೇರೆ ಎಣ್ಣೆಯ ಬಾನಿಯಿಲ್ಲ. ಲೀಟರ್ ಪೆಟ್ರೋಲಿಗೆ ಬೆರೆಸುವ 20 ಮಿಲಿಲೀಟರ್ ಎಣ್ಣೆಯೇ ಬೇರಿಂಗಿಗೂ ಪಿಸ್ಟನ್ನಿಗೂ ಆಧಾರವಾದ್ದರಿಂದ, ಪೆಟ್ರೋಲು ಕಡಿಮೆಯಾದಾಗ ಎಣ್ಣೆಯೂ ಕಡಿಮೆಯಾಗುತ್ತದೆ. ಇನ್ನೂ ಕೆಲವು ದಿನ ಹಾಗೆಯೇ ಓಡಿಸಿದ್ದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುವ ಅಪಾಯವಿತ್ತು.

ಹೊಸ ಸೀಲು ಕೂರಿಸಿ, ಕ್ರ್ಯಾಂಕ್‌ಕೇಸಿನೊಳಗೆ ಮೆಲ್ಲನೆ ಗಾಳಿ ತುಂಬಿಸಿ, ಜೋಡಣೆಗಳಿಗೆ ಸಾಬೂನು ನೀರು ಹಚ್ಚಿ ನೋಡಿದೆ. ಎಲ್ಲಿಯೂ ಗುಳ್ಳೆ ಏಳಲಿಲ್ಲ.