ತಲೆಗೆ ನೀರು ಬೇಡುವ ಜರಿಗಿಡ

ಮೆಲ್ಬರ್ನ್‌ನಲ್ಲಿ ಬಿಸಿಲು ಉತ್ತರದಿಂದ ಬೀಳುತ್ತದೆ. ಹಾಗಾಗಿ ನಮ್ಮ ಮರಜರಿಯನ್ನು ಮನೆಯ ದಕ್ಷಿಣ ಗೋಡೆಯ ನೆರಳಿನಲ್ಲಿ ನೆಟ್ಟಿದ್ದೇವೆ. ಹೆಸರು ಡಿಕ್ಸೋನಿಯಾ ಅಂಟಾರ್ಕ್ಟಿಕಾ. ಟಾಸ್ಮೇನಿಯಾ, ವಿಕ್ಟೋರಿಯಾದ ಒದ್ದೆ ಕಾಡುಗಳೇ ಅದರ ತವರು.

ಮೊದಲ ಬೇಸಿಗೆಯಲ್ಲಿ ಬೇರೆ ಗಿಡಗಳ ಹಾಗೆ ಬುಡಕ್ಕೆ ನೀರು ಹಾಕುತ್ತಿದ್ದೆ. ಗರಿಗಳ ತುದಿ ಸುಟ್ಟ ಹಾಗಾಯಿತು. ನರ್ಸರಿಯ ಅಜ್ಜಿ ಬಂದು ನೋಡಿ, "ತಲೆಯ ಮೇಲಿಂದ ಸುರಿ ಮಗಳೇ" ಅಂದರು. ಆಮೇಲೆ ಮುಟ್ಟಿ ನೋಡಿದೆ: ಕಾಂಡ ಅಂತ ನಾನು ತಿಳಿದಿದ್ದು ಬಹುಪಾಲು ಹೆಣೆದುಕೊಂಡ ಕಂದು ಬೇರುಗಳು, ತೆಂಗಿನ ನಾರಿನ ಹಾಗೆ. ಅದಕ್ಕೇ ಕಾಡಿನಲ್ಲಿ ಕಡಿದ ಕಾಂಡವನ್ನು ಹಾಗೇ ನೆಟ್ಟರೂ ಮತ್ತೆ ಬೇರು ಬಿಡುತ್ತದೆ. ಟಾಸ್ಮೇನಿಯಾದಲ್ಲಿ ಹಾಗೆ ತೆಗೆದ ಪ್ರತಿ ಕಾಂಡಕ್ಕೂ ಸರ್ಕಾರಿ ಟ್ಯಾಗ್ ಕಡ್ಡಾಯ. ಟ್ಯಾಗ್ ನೋಡದೆ ದಯವಿಟ್ಟು ಯಾರೂ ಕೊಳ್ಳಬೇಡಿ. ವರ್ಷಕ್ಕೆ 3ರಿಂದ 5 ಸೆಂ.ಮೀ. ಬೆಳೆಯುವ ಗಿಡ ಇದು. ನಮ್ಮ ಸೊಂಟದೆತ್ತರದ್ದಕ್ಕೆ ನನ್ನ ಮಗನಿಗಿಂತ ಹೆಚ್ಚು ವಯಸ್ಸು.

ಈಗ ಸಂಜೆ ಪೈಪು ಹಿಡಿದು ನೆತ್ತಿಯಿಂದ ಕೆಳಗೆ ನೆನೆಸುತ್ತೇನೆ. ಸುರುಳಿ ಸುತ್ತಿದ ಎಳೆ ಗರಿಗಳ ಮೇಲೆ ಕಂದು ರೋಮ, ಮುಟ್ಟಿದರೆ ಎಳೆಗರುವಿನ ಕಿವಿಯೇ. ಕೆಲವೇ ವಾರಗಳಲ್ಲಿ ಅವು ಬಿಚ್ಚಿ ನನ್ನಷ್ಟುದ್ದ ಚಾಚುತ್ತವೆ.

ಭಾನುವಾರ ಶೆರ್‌ಬ್ರೂಕ್ ಕಾಡಿಗೆ ಹೋದರೆ ಹಳ್ಳದುದ್ದಕ್ಕೂ ಇವುಗಳದೇ ಚಪ್ಪರ. ಆಗುಂಬೆ ಘಟ್ಟದ ಹಳ್ಳಗಳಲ್ಲೂ ಮರಜರಿಗಳಿವೆ, ಜಾತಿ ಬೇರೆ. ಆದರೆ ಒದ್ದೆ ಮಣ್ಣಿನ ವಾಸನೆ ಅದೇ.