ಮಗುಚೋ ಕೆಲಸ ಇಲ್ಲದ ಬಂಗುಡೆ

ತವಾ ಮೇಲೆ ಬಂಗುಡೆ ಹಾಕೋದು ದೊಡ್ಡ ವಿಷಯ ಅಲ್ಲ, ಮಗುಚೋದೇ ತಲೆನೋವು. ನಂಗೆ ಹುಟ್ಟಿನಿಂದ್ಲೇ ಕಣ್ಣು ಕಾಣಲ್ಲ, ಅಡುಗೆ ಮಾತ್ರ ಬಿಟ್ಟಿಲ್ಲ. ಅನ್ನ ಸಾರು ಪಲ್ಯ ಎಲ್ಲ ಆರಾಮಾಗಿ ಆಗತ್ತೆ, ಆದ್ರೆ ಕಾದ ಎಣ್ಣೇಲಿ ಮೀನು ಎಲ್ಲಿದೆ ಅಂತ ಸಟ್ಟುಗದಲ್ಲಿ ತಡಕಾಡಿ, ಅಡಿಗೆ ತೂರಿಸಿ, ತಿರುಗಿಸೋ ಹೊತ್ತಿಗೆ ಚರ್ಮ ತವಾಗೆ ಅಂಟಿ ಮೀನು ಎರಡು ಹೋಳು. ಅದಕ್ಕೇ ನಂಗೆ ಎಲೆಕ್ಟ್ರಿಕ್ ಗ್ರಿಲ್ ಇಷ್ಟ ಆಗಿದ್ದು. ಮೇಲೊಂದು ಪ್ಲೇಟು, ಕೆಳಗೊಂದು ಪ್ಲೇಟು, ಎರಡೂ ಕಾಯತ್ತೆ, ಮುಚ್ಚಳ ಮುಚ್ಚಿದ್ರೆ ಎರಡೂ ಕಡೆ ಒಟ್ಟಿಗೆ ಬೇಯತ್ತೆ, ಮಗುಚೋ ಮಾತೇ ಇಲ್ಲ. ಅಮೆರಿಕಾದಲ್ಲಿ ಬಾಕ್ಸರ್ ಜಾರ್ಜ್ ಫೋರ್‌ಮನ್ ಹೆಸರಲ್ಲಿ 1994ರಲ್ಲಿ ಇಂಥದ್ದೊಂದು ಮಾರಾಟಕ್ಕೆ ಬಂದು ಮನೆಮನೆಗೆ ಹೋಯ್ತಲ್ಲ, ಆ ಜಾತೀದೇ ಇದು. ಕೊಬ್ಬು ಇಳಿದು ಹೋಗ್ಲಿ ಅಂತ ಅದರ ಪ್ಲೇಟನ್ನ ಮುಂದಕ್ಕೆ ಇಳಿಜಾರು ಮಾಡಿದ್ರಂತೆ, ನನ್ನದೂ ಹಾಗೇ ಇದೆ. ಹಾಗಾಗಿ ಪ್ಲಗ್ ಹಾಕೋಕೆ ಮುಂಚೆ ಮುಂದಿನ ಟ್ರೇ ಅದರ ಜಾಗದಲ್ಲಿದ್ಯಾ ಅಂತ ಕೈಯಲ್ಲಿ ಮುಟ್ಟಿ ನೋಡ್ಕೋತೀನಿ, ಇಲ್ಲಾಂದ್ರೆ ಎಣ್ಣೆಯೆಲ್ಲ ಕಟ್ಟೆ ಮೇಲೆ.

ತಗೊಳ್ಳುವಾಗ ಅಂಗಡಿ ಹುಡುಗ ದುಬಾರೀದು ತೋರಿಸ್ತಾ ಇದ್ದ, "ಮೇಡಂ ಇದು ಫುಲ್ ಆಟೋಮ್ಯಾಟಿಕ್, ಬೆಂದ ಹಾಗೆ ಲೈಟ್ ಕಲರ್ ಚೇಂಜ್ ಆಗತ್ತೆ" ಅಂತ. ಟಚ್ ಪ್ಯಾನೆಲ್ಲು, ಗಾಜಿನ ಥರ ನುಣ್ಣಗೆ, ಬೆರಳಿಗೆ ಏನೂ ಸಿಗಲ್ಲ. ಇಂಡಕ್ಷನ್ ಸ್ಟವ್, ವಾಷಿಂಗ್ ಮಷೀನ್ ಎಲ್ಲಾದಕ್ಕೂ ಈಗ ಇದೇ ರೋಗ, ತಿರುಗಿಸೋ ಗುಂಡಿ ಅಂದ್ರೆ ಏನೋ ಬಡವರ ಸಾಮಾನು ಅನ್ನೋ ಹಾಗೆ. ನಾನು ಗುಂಡಿ ಇರೋ ಸಾದಾ ಗ್ರಿಲ್ಲನ್ನೇ ತಗೊಂಡೆ. ಮಧ್ಯದ ಉರಿ ಎಲ್ಲಿ ಬರತ್ತೆ ಅಂತ ಪಕ್ಕದ ಮನೆ ಹುಡುಗಿ ಹತ್ರ ಕೇಳಿ, ಅಲ್ಲಿಗೆ ಒಂದು ಕಲ್ಲಿನ ಬಿಂದಿ ಗಮ್ ಹಾಕಿ ಅಂಟಿಸಿದೀನಿ. ಕಾದಿದೆ ಅಂತ ಹಸಿರು ಲೈಟ್ ಹತ್ತತ್ತಂತೆ, ಅದು ನಂಗೆ ಬೇಡ, ಥರ್ಮೋಸ್ಟಾಟ್ ಟಕ್ ಅನ್ನತ್ತೆ. ಒಳಗಿರೋ ಲೋಹದ ಪಟ್ಟಿ ಬಿಸಿಗೆ ಬಗ್ಗಿ ಕರೆಂಟ್ ಕಟ್ ಮಾಡೋ ಸದ್ದು ಅದು. ಎಕ್ಸಾಸ್ಟ್ ಫ್ಯಾನ್ ಆನ್ ಇದ್ರೆ ಮಾತ್ರ ಕೇಳಿಸಲ್ಲ, ಅದಕ್ಕೇ ಫ್ಯಾನ್ ಆಮೇಲೆ.

ಮೊನ್ನೆ ಉಡುಪಿಯಿಂದ ದೊಡ್ಡಮ್ಮ ಬಂದಿದ್ರು, ರಾತ್ರಿ ಬಸ್ಸಲ್ಲಿ, ಥರ್ಮಾಕೋಲ್ ಡಬ್ಬೀಲಿ ಐಸ್ ತುಂಬಿ ಬಂಗುಡೆ ತಗೊಂಡು. ನಾನು ಅಡುಗೆಮನೆಗೆ ಹೋದ ತಕ್ಷಣ ಹಿಂದೇನೇ ಬಂದ್ರು.

"ನೀನು ಕೂತ್ಕೋ, ನಾನು ಮಾಡ್ತೇನೆ. ಎಂತ ಮಾರಾಯ್ತಿ ಇದು, ಪೆಟ್ಟಿಗೆ ಹಾಗೆ ಉಂಟು?"

"ಗ್ರಿಲ್ಲು ದೊಡ್ಡಮ್ಮ. ನೀವು ಮೀನು ಕ್ಲೀನ್ ಮಾಡಿಕೊಡಿ ಸಾಕು."

ಬ್ಯಾಡಗಿ ಮೆಣಸು, ಕೊತ್ತಂಬರಿ, ಬೆಳ್ಳುಳ್ಳಿ, ಹುಣಸೆಹುಳಿ ಹಾಕಿ ರುಬ್ಬಿದ ಮಸಾಲೆ ರೆಡಿ ಇತ್ತು. ಬ್ಯಾಡಗಿ ಹಾಕೋದು ಬಣ್ಣಕ್ಕೆ ಅಂತಾರೆ ಎಲ್ಲರೂ, ನಂಗೆ ಅದು ಖಾರ ಕಮ್ಮಿ ಇರೋ ಮೆಣಸು ಅಷ್ಟೇ. ಗೀರು ಹಾಕಿದ ಜಾಗದಲ್ಲೆಲ್ಲ ಬೆರಳಲ್ಲಿ ತುಂಬಿ, ಬಾಳೆಲೆ ಮೇಲೆ ಮೀನು ಜೋಡಿಸಿದೆ, ಒಂದರ ತಲೆ ಆ ಕಡೆ, ಇನ್ನೊಂದರ ತಲೆ ಈ ಕಡೆ. ಎಲ್ಲಾ ತಲೆ ಒಂದೇ ಕಡೆ ಬಂದ್ರೆ ಮುಚ್ಚಳ ಓರೆಯಾಗಿ ಕೂತು ಬಾಲದ ಕಡೆ ತಾಗೋದೇ ಇಲ್ಲ. ಬಾಳೆಲೆ ಉಪಾಯ ನಂದೇ, ಕಾದ ಪ್ಲೇಟಲ್ಲಿ ಜಾಗ ಹುಡುಕೋ ಗೋಜಿಲ್ಲ, ಎಲೆ ಸಮೇತ ಜಾರಿಸಿದ್ರಾಯ್ತು, ತೆಗೆಯುವಾಗ್ಲೂ ಹೊರಗಿರೋ ಎಲೆ ತುದಿಯನ್ನ ಇಕ್ಕಳದಲ್ಲಿ ಹಿಡಿದು ಎಳೆಯೋದು. ಮೇಲೂ ಒಂದು ಎಲೆ ಹಾಕಿದ್ರೆ ಮಸಾಲೆ ಮುಚ್ಚಳಕ್ಕೆ ಅಂಟಲ್ಲ.

ಮೊದಲು ಚುಂಯ್ ಅಂತ ಜೋರು ಸದ್ದು, ಎಲೆ ಬಾಡೋ ವಾಸನೆ. ನೀರಿನಂಶ ಹೋಗ್ತಾ ಹೋಗ್ತಾ ಸದ್ದು ತೆಳ್ಳಗಾಗತ್ತೆ, ಹುಳಿಯ ಹಸಿ ವಾಸನೆ ಹೋಗಿ ಬೆಳ್ಳುಳ್ಳಿದು ಬರತ್ತೆ. ಆಮೇಲೆ ನನ್ನ ಮಾತಾಡೋ ಥರ್ಮಾಮೀಟರ್ ತಗೊಂಡೆ, ಅಮೆರಿಕಾದಲ್ಲಿರೋ ಅಣ್ಣ ತಂದುಕೊಟ್ಟಿದ್ದು, ಚುಚ್ಚಿದ್ರೆ ಇಂಗ್ಲಿಷಲ್ಲಿ ಫ್ಯಾರನ್‌ಹೀಟ್ ಹೇಳತ್ತೆ. ಮೀನಿಗೆ 145 ಬಂದ್ರೆ ಸಾಕು, ಅಂದ್ರೆ ಸುಮಾರು 63 ಡಿಗ್ರಿ ಸೆಲ್ಸಿಯಸ್. ಹೆಂಗಸಿನ ದನಿ ಕೇಳಿ ದೊಡ್ಡಮ್ಮ ಬೆಚ್ಚಿಬಿದ್ರು.

"ಯಾರದು?"

"ಮೀನು ಬೆಂದಿದೆ ಅಂತ ಹೇಳ್ತಿದಾಳೆ."

"ಅದಕ್ಕೆ ಇವಳು ಯಾಕೆ ಬೇಕು? ಬೆನ್ನಿನ ರೆಕ್ಕೆ ಹಿಡಿದು ಎಳಿ. ಕಿತ್ತು ಬಂದ್ರೆ ಬೆಂದಿದೆ ಅಂತ, ಬರದಿದ್ರೆ ಇಲ್ಲ."

ಎಲೆ ಹೊರಗೆ ತೆಗೆದು ಎಳೆದೆ, ಸಲೀಸಾಗಿ ಬಂತು. ಇಷ್ಟು ವರ್ಷ ಮನೇಲಿ ಯಾರೂ ನಂಗೆ ಇದನ್ನ ಹೇಳಿರ್ಲಿಲ್ಲ ನೋಡಿ! ಹೇಳ್ತಾರಾದ್ರೂ ಹೇಗೆ, ಒಲೆ ಹತ್ರ ಬಿಟ್ರೆ ತಾನೆ.

ಊಟಕ್ಕೆ ಕೂತಾಗ ದೊಡ್ಡಮ್ಮನ ತಕರಾರು ಶುರು. ತವಾ ಫ್ರೈ ರುಚಿ ಬರ್ಲಿಲ್ಲ, ಅಂಚು ಗರಿಗರಿ ಆಗ್ಲಿಲ್ಲ ಅಂತ. ಅದು ನಿಜವೇ. ಮುಚ್ಚಳದೊಳಗೆ ಹಬೆ ನಿಲ್ಲತ್ತೆ, ಎಲೆ ಬೇರೆ ಅಡ್ಡ, ರವಾ ಫ್ರೈಯಂತೂ ಇದರಲ್ಲಿ ಆಗೋ ಕೆಲಸ ಅಲ್ಲ, ರವೆ ಮೆತ್ತಗೆ ಉಪ್ಪಿಟ್ಟಾಗತ್ತೆ. ಆದ್ರೆ ಮೀನು ಇಡೀದಾಗಿ ತಟ್ಟೆಗೆ ಬರತ್ತೆ, ಒಳಗೆ ಒಣಗಿರಲ್ಲ, ನಂಗೆ ಅಷ್ಟು ಸಾಕು. ಅವರು ಬೈತಾ ಬೈತಾನೇ ಇನ್ನೊಂದು ಹಾಕಿಸ್ಕೊಂಡ್ರು.

ಪಾತ್ರೆ ತೊಳೆಯುವಾಗ ಗ್ರಿಲ್ ಒರೆಸೋಕೆ ಹೊರಟವರನ್ನ ತಡೆದೆ. ಪ್ಲಗ್ ತೆಗೆದು ಸುಮಾರು ಹೊತ್ತಾಗಿತ್ತು, ಆದ್ರೂ ಬೆರಳಲ್ಲಿ ನಾಲ್ಕು ಹನಿ ನೀರು ಚಿಮುಕಿಸಿದೆ, ಚುಂಯ್ ಅಂತು. ಇನ್ನೂ ಬಿಸಿ. ಸದ್ದು ಬರದೇ ಇದ್ರೆ ಮಾತ್ರ ಒದ್ದೆ ಬಟ್ಟೆ ಹಿಡಿದು ಒಳಗೆ ಕೈ ಹಾಕೋದು. ದೊಡ್ಡಮ್ಮ ಅಷ್ಟೊತ್ತಿಗೆ ಬೇರೆ ಲೆಕ್ಕದಲ್ಲಿದ್ರು, ಇದು ಎಷ್ಟು ಕರೆಂಟ್ ತಿನ್ನತ್ತೆ, ಮಿಕ್ಸಿ ಪ್ಲಗ್ಗಲ್ಲಿ ನಡೀತದಾ ಅಂತ. ನಂದು ಸಾವಿರ ವ್ಯಾಟಿಂದು, ನಾಲ್ಕೂವರೆ ಆಂಪಿಯರ್ ಒಳಗೇ, ನಡೆಯತ್ತೆ, ಎರಡು ಸಾವಿರದ್ದು ತಗೊಂಡ್ರೆ ಮಾತ್ರ ಗೀಸರಿನ ದೊಡ್ಡ ಪ್ಲಗ್ ಬೇಕು ಅಂದೆ. "ಅಂಜಲ್ ತುಂಡು ಹಾಕ್ಲಿಕ್ಕೆ ಆಗ್ತದಾ?" ಅಂದ್ರು. ಬಂಗುಡೆಗಿಂತ ಸುಲಭ, ತಲೆ ಬಾಲದ ಲೆಕ್ಕವೇ ಇಲ್ಲ ಅಂದೆ. ಸಂಜೆ ಫೋನಲ್ಲಿ ದೊಡ್ಡಪ್ಪಂಗೆ ಹೇಳ್ತಾ ಇದ್ರು, ಗುಂಡಿ ಇರೋದೇ ತರ್ಬೇಕಂತೆ, ಟಚ್ಚಿಂದು ಬೇಡ್ವಂತೆ.