ಸಂವಿಧಾನಕ್ಕೆ ನಮ್ಮ ಜನ ಓಟು ಹಾಕಿದ್ದರಾ?

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳಿಗೆ ಸಂವಿಧಾನ ಪಾಠ ಮಾಡುತ್ತೇನೆ. ಪ್ರತಿ ಬ್ಯಾಚಿನಲ್ಲೂ ಯಾರಾದರೊಬ್ಬರು ಕೇಳೇ ಕೇಳುತ್ತಾರೆ: "ಸರ್, ಅಮೆರಿಕದಾಗ ಒಂದೊಂದ್ ರಾಜ್ಯದ ಒಪ್ಪಿಗಿ ತಗೊಂಡ್ರಂತ. ನಮ್ಮ ಸಂವಿಧಾನಕ್ಕ ಮಂದಿ ಓಟ್ ಹಾಕ್ಯಾರೇನ್ರೀ?" ಕ್ಲಾಸ್ ಮುಗಿದು ಚಹಾ ಕುಡಿಯುವಾಗಲೂ ಇದೇ ಮಾತು.

ಹಾಕಿಲ್ಲ. 1949ರ ನವೆಂಬರ್ 26ರಂದು ಸಂವಿಧಾನ ಸಭೆಯೇ ಅದನ್ನು ಅಂಗೀಕರಿಸಿತು. ಆ ಸಭೆಯನ್ನೂ ಜನ ನೇರವಾಗಿ ಆರಿಸಿರಲಿಲ್ಲ. ಬಹುಪಾಲು ಸದಸ್ಯರನ್ನು ಪ್ರಾಂತ್ಯಗಳ ಶಾಸಕರು ಆರಿಸಿ ಕಳಿಸಿದ್ದರು. ಧಾರವಾಡ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ನಮ್ಮೂರಿನವರೇ ಆದ ರಂಗನಾಥ ದಿವಾಕರರು ಅಲ್ಲಿಂದ ಹೋದವರು. ದೇಶ ಇಬ್ಭಾಗವಾಗಿ ಬಂಗಾಳದ ಸ್ಥಾನ ಕೈತಪ್ಪಿದ ಮೇಲೆ ಅಂಬೇಡ್ಕರ್ ಅವರೂ ಮುಂಬೈ ಪ್ರಾಂತ್ಯದಿಂದಲೇ ಮತ್ತೆ ಆರಿಸಿ ಬಂದರು. ಆ ಶಾಸಕರಿಗೆ 1946ರಲ್ಲಿ ಓಟು ಹಾಕಿದ್ದು ಯಾರು? ಕಂದಾಯ ಕಟ್ಟುವವರು, ಆಸ್ತಿ ಇದ್ದವರು, ಓದಿದವರು. ಬಹುಪಾಲು ಜನರಿಗೆ ಓಟೇ ಇರಲಿಲ್ಲ. ಇದು ಕೊರತೆಯೇ. ತರಗತಿಯಲ್ಲಿ ನಾನು ಇದನ್ನು ಮುಚ್ಚಿಡುವುದಿಲ್ಲ.

ಸಭೆಯೊಳಗೂ ಈ ತಕರಾರು ಎದ್ದಿತ್ತು. ವಯಸ್ಕರೆಲ್ಲ ಸೇರಿ ಹೊಸ ಸಭೆಯನ್ನು ಆರಿಸಲಿ, ಅಲ್ಲಿಯವರೆಗೆ ಕರಡನ್ನು ಕೈಗೆತ್ತಿಕೊಳ್ಳುವುದು ಬೇಡ ಎಂದು 1948ರ ನವೆಂಬರ್‌ನಲ್ಲಿ ದಾಮೋದರ ಸ್ವರೂಪ್ ಸೇಠ್ ಕೇಳಿದರು. ಸಭೆ ಒಪ್ಪಲಿಲ್ಲ. ಆದರೆ ಅವರು ಕೇಳಿದ್ದು ಸರಿಯಾದ ಪ್ರಶ್ನೆ.

ಇನ್ನು ಅಮೆರಿಕ. ಅಲ್ಲಿ 1787ರಲ್ಲಿ ಸಂವಿಧಾನ ಬರೆದಾಗ 13 ರಾಜ್ಯಗಳಲ್ಲಿ 9 ಒಪ್ಪಬೇಕಿತ್ತು. ನ್ಯೂಯಾರ್ಕ್‌ನ ಪ್ರತಿನಿಧಿಗಳ ಸಭೆ ಒಪ್ಪಿದಾಗ ಪರ 30 ಮತ, ವಿರೋಧ 27. ರೋಡ್ ಐಲೆಂಡ್ ಹಟ ಹಿಡಿದು ಕೂತು 1790ರಲ್ಲಿ ಒಪ್ಪಿತು, ಪರ 34, ವಿರೋಧ 32. ಗುಲಾಮರನ್ನು ಅಲ್ಲೂ ಯಾರೂ ಕೇಳಲಿಲ್ಲ. ಅಲ್ಲಿ ನನಗೆ ತುಂಬ ಇಷ್ಟವಾಗುವುದು ವಿರೋಧ ಮಾಡಿದವರ ಛಲ. ಜನರ ಹಕ್ಕು ಎಲ್ಲಿ ಬರೆದಿದ್ದೀರಿ ಎಂದು ಅವರು ಪಟ್ಟು ಹಿಡಿದಿದ್ದಕ್ಕೇ 1791ರಲ್ಲಿ ಮೊದಲ ಹತ್ತು ತಿದ್ದುಪಡಿ ಬಂದವು.

ಹಾಗಾದರೆ ನಮ್ಮಲ್ಲೂ ಕೇಳಬೇಕಿತ್ತು ಅಲ್ವಾ? ಕೇಳಿದ್ದರೆ ಯಾವ ಮತದಾರರ ಪಟ್ಟಿ ಹಿಡಿದು ಕೇಳಬೇಕಿತ್ತು, ಹೇಳಿ. ಹಳೇ ಪಟ್ಟಿಯಲ್ಲಿ ಬಡವರಿಲ್ಲ. ಹೊಸ ಪಟ್ಟಿಯ ಕೆಲಸ 1948ರಲ್ಲಿ ಶುರುವಾದರೂ, ಎಲ್ಲರೂ ಓಟು ಹಾಕಿದ ಮೊದಲ ಚುನಾವಣೆ ಮುಗಿಯುವ ಹೊತ್ತಿಗೆ 1952 ಬಂತು. ಕೇಳಿ, ಜನ ಬೇಡ ಎಂದಿದ್ದರೆ? ಚಿಲಿಯಲ್ಲಿ 2022ರಲ್ಲಿ ಜನ ಹೊಸ ಸಂವಿಧಾನ ಬೇಡ ಎಂದರು, 2023ರಲ್ಲಿ ಇನ್ನೊಂದನ್ನೂ ಬೇಡ ಎಂದರು. ಅಲ್ಲಿ ಹಳೆಯದೇ ಉಳಿಯಿತು. ನಮ್ಮಲ್ಲಿ ಉಳಿಯುತ್ತಿದ್ದ ಹಳೆಯದು ಯಾವುದು? ಬ್ರಿಟಿಷರ 1935ರ ಕಾಯ್ದೆ. ಬಡವರನ್ನು ಓಟಿನಿಂದ ಹೊರಗಿಟ್ಟಿದ್ದ ಅದೇ ಕಾಯ್ದೆ.

ಅಪ್ಪನ ಅವ್ವ, ನಮ್ಮ ಆಯಿ, ಕುಂದಗೋಳದವಳು. ಆಗ ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಸವಣೂರಿಗೆ ನವಾಬರು, ಶಿರಹಟ್ಟಿಗೆ ಸಾಂಗ್ಲಿಯವರು. ಬೀಗರ ಊರಿಗೆ ಹೋದರೆ ದೊರೆ ಬದಲಾಗುತ್ತಿದ್ದರು. "ಯಾವ ದೊರಿ ಬಂದು ನಿನಗೇನ್ ಬೇಕವಾ ಅಂತ ಕೇಳ್ಯಾನ?" ಎನ್ನುತ್ತಿದ್ದಳು. 1948ರಲ್ಲಿ ಆ ಸಂಸ್ಥಾನಗಳು ಮುಂಬೈ ಪ್ರಾಂತ್ಯಕ್ಕೆ ಸೇರಿದವು. ಸಂವಿಧಾನದ 326ನೇ ವಿಧಿ ಅವಳಿಗೂ ಓಟು ಕೊಟ್ಟಿತು. ಆ ಪುಸ್ತಕಕ್ಕೆ ಒಪ್ಪಿಗೆ ಕೊಡುವ ಅಧಿಕಾರ ಅವಳಿಗೆ ಬಂದದ್ದೇ ಆ ಪುಸ್ತಕದಿಂದ. ನನ್ನ ಉತ್ತರ ಇಷ್ಟೇ.

ಮೊದಲ ಪಟ್ಟಿ ಬರೆಯುವಾಗ ದೇಶದಲ್ಲಿ, ಜಾಸ್ತಿ ಉತ್ತರದ ಕಡೆ, ಸುಮಾರು 28 ಲಕ್ಷ ಹೆಂಗಸರು ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಹೇಳಿದರು. ಸ್ವಂತ ಹೆಸರಿಲ್ಲದ್ದಕ್ಕೆ ಅವರನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ನಮ್ಮ ಆಯಿ ಹೆಸರು ಹೇಳಿ ಬರೆಸಿದ್ದಳು. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಡಬ್ಬಿ, ಮೇಲೆ ಗುರುತಿನ ಚಿತ್ರ. ಚೀಟಿ ಒಳಗೆ ಹಾಕಿದ ಮೇಲೂ ಅವಳಿಗೆ ನಂಬಿಕೆ ಬರಲಿಲ್ಲವಂತೆ. ಸೀಳಿನಲ್ಲಿ ಬೆರಳು ತೂರಿಸಿ, ಚೀಟಿ ಪೂರ್ತಿ ಕೆಳಗೆ ಬಿದ್ದಿದೆಯಾ ಎಂದು ನೋಡಿಯೇ ಹೊರಗೆ ಬಂದಳಂತೆ.